ಚರ್ಚಿನ ಗಿಡ್ಡ ಬಾಗಿಲು

ಫ್ರಾನ್ಸ್-ಸ್ಪೇನ್ ಗಡಿಯ ಪಿರಿನೀಸ್ ಬೆಟ್ಟಕ್ಕೆ ಟೂರ್ ಹೋದವರು ಹುಲ್ಲುಗಾವಲು, ಕುರಿಮಂದೆ, ಕಲ್ಲಿನ ಹಳೇ ಚರ್ಚುಗಳ ಫೋಟೊ ಹಾಕ್ತಾರೆ. ಸ್ನೇಹಿತರ ಜೊತೆ ಒಂದು ದಿನ ಸುತ್ತೋಕೆ ಚೆಂದದ ಜಾಗ. ಆದ್ರೆ ಅಲ್ಲಿನ ಕೆಲವು ಚರ್ಚುಗಳಿಗೆ ಎರಡು ಬಾಗಿಲು. ದೊಡ್ಡದು ಊರವರಿಗೆ. ತಲೆ ಬಗ್ಗಿಸಿ ನುಗ್ಗಬೇಕಾದ ಗಿಡ್ಡ ಬಾಗಿಲು ‘ಕಾಗೋ’ ಜನರಿಗೆ. ಸ್ಪೇನ್ ಕಡೆ ಇವರನ್ನ ‘ಅಗೋತೆ’ ಅಂತಿದ್ದರು.

ಇವರ ಧರ್ಮ, ಭಾಷೆ ಊರವರದ್ದೇ. ಬಣ್ಣದಲ್ಲೂ ವ್ಯತ್ಯಾಸವಿಲ್ಲ. ಆದರೂ ಕೇರಿ ಊರಾಚೆ. ಚರ್ಚಿನಲ್ಲಿ ತೀರ್ಥದ ಬಟ್ಟಲು ಬೇರೆ, ಪ್ರಸಾದದ ರೊಟ್ಟಿಯನ್ನ ಕೋಲಿನ ತುದಿಯಲ್ಲಿ ಕೊಡ್ತಿದ್ದದ್ದೂ ಉಂಟು. ಊರವರ ಜೊತೆ ಮದುವೆ ಇಲ್ಲ. ಎಷ್ಟೋ ಕಡೆ ಊರ ಹುಲ್ಲುಗಾವಲಲ್ಲಿ ದನ ಮೇಯಿಸೋಕೂ ತಡೆ. ಗುರುತಿಗೆ ಬಟ್ಟೆ ಮೇಲೆ ಬಾತುಕೋಳಿ ಪಾದದ ಕೆಂಪು ಚಿಹ್ನೆ. ಇವರಿಗೆ ಬಿಟ್ಟ ಕೆಲಸ ಹೆಚ್ಚಾಗಿ ಮರಗೆಲಸ. ಚರ್ಚಿನ ತೊಲೆ ಕೆತ್ತೋಕೆ ಇವರ ಕೈ ಬೇಕು, ದೊಡ್ಡ ಬಾಗಿಲಲ್ಲಿ ಇವರ ಕಾಲು ಬೇಡ!

ನವಾರಾ ಸೀಮೆಯ ಅಗೋತೆಗಳು ಸುಮ್ಮನಿರಲಿಲ್ಲ. ನೇರ ಪೋಪ್‌ಗೆ ದೂರು ಕೊಟ್ಟರು. 1515ರಲ್ಲಿ ಹತ್ತನೇ ಲಿಯೋ ಇವರನ್ನ ಎಲ್ಲರಂತೆ ಕಾಣಬೇಕು ಅಂತ ಆಜ್ಞೆ ಹೊರಡಿಸಿದ. ಊರ ಪಾದ್ರಿ, ಮುಖಂಡರು ಕಿವಿಗೆ ಹಾಕಿಕೊಳ್ಳಲಿಲ್ಲ. ನವಾರಾದಲ್ಲಿ ಕಾನೂನಿನ ಭೇದ ಹೋಗಿದ್ದು 19ನೇ ಶತಮಾನದಲ್ಲಿ. ಅಂದ್ರೆ ಮುನ್ನೂರು ವರ್ಷ!

ಅಸ್ಪೃಶ್ಯತೆಗೆ ಜನಾಂಗದ ವ್ಯತ್ಯಾಸ ಕಾರಣ ಅನ್ನೋ ವಾದವನ್ನ ಬಾಬಾಸಾಹೇಬರು 1948ರಲ್ಲೇ ತಮ್ಮ ‘ದಿ ಅನ್‌ಟಚಬಲ್ಸ್’ ಕೃತಿಯಲ್ಲಿ ತಳ್ಳಿಹಾಕಿದ್ದರು. ಕಾಗೋಗಳ ಕತೆ ಹೇಳೋದೂ ಅದನ್ನೇ. ನಮ್ಮ ಹುಟ್ಟಿನಲ್ಲಿ ಏನೋ ಐಬಿದೆ ಅಂತ ಯಾರಾದ್ರೂ ಹೇಳಿದ್ರೆ, ಆ ಗಿಡ್ಡ ಬಾಗಿಲು ತೋರಿಸಿ. ಐಬು ಇರೋದು ಅದನ್ನ ಕಟ್ಟಿಸಿದವರ ತಲೆಯಲ್ಲಿ.

ಜೈ ಭೀಮ್.