ನಿಂಬೆಮುಳ್ಳು, ಶೇಂಗಾಕಾಳು, ಬಗಲ ಗಂಟು

ಲಚ್ಯಾಣದ ಸುತ್ತಿನ ಇಂಡಿ ಸೀಮೆಯಲ್ಲಿ ನಿಂಬೆಕಾಯಿ ಕೊಯ್ಯುವವರ ಕೈಗೆ ಮುಳ್ಳು ಚುಚ್ಚುವುದು ಸುದ್ದಿಯೇ ಅಲ್ಲ. ಗಾಯ ಕೀವುಗಟ್ಟಿದರೆ ಎರಡು-ಮೂರು ದಿನಕ್ಕೆ ಬಗಲಲ್ಲಿ ಹುಣಸೆಬೀಜದಂಥ ಗಂಟು ಕೈಗೆ ಸಿಗುತ್ತದೆ. ಮುಳ್ಳು ಹೊಕ್ಕಿದ್ದು ಬೆರಳಿಗೆ, ಬಾತದ್ದು ಬಗಲು. ಆ ಗಂಟು ಒಂದು ದುಗ್ಧಗ್ರಂಥಿ; ಅದರಲ್ಲಿ ಸೋಂಕಿನೊಡನೆ ಹೋರಾಡುವ ಟಿ ಕೋಶಗಳು ಒಂದಕ್ಕೆ ಎರಡಾಗಿ, ಎರಡಕ್ಕೆ ನಾಲ್ಕಾಗಿ ಹೆಚ್ಚುತ್ತಿರುತ್ತವೆ. ಹೆಚ್ಚಿರಿ ಎಂದವರು ಯಾರು, ಸಾಕು ಎನ್ನುವವರು ಯಾರು? ಎರಡನೆಯ ಪ್ರಶ್ನೆಯನ್ನು ವಿಜ್ಞಾನ ಬಹಳ ತಡವಾಗಿ ಕೇಳಿತು.

1950ರ ದಶಕದವರೆಗೂ ಲಿಂಫೋಸೈಟ್‌ಗೆ, ಅಂದರೆ ಟಿ ಕೋಶಗಳು ಸೇರಿದ ಬಿಳಿ ರಕ್ತಕಣಗಳ ಗುಂಪಿಗೆ, ಏನು ಕೆಲಸವೆಂದೇ ತಿಳಿದಿರಲಿಲ್ಲ. ಅವು ರಕ್ತದಿಂದ ದುಗ್ಧರಸಕ್ಕೆ, ಮತ್ತೆ ರಕ್ತಕ್ಕೆ ಸುತ್ತುತ್ತಲೇ ಇರುತ್ತವೆಂದು ಜೇಮ್ಸ್ ಗೋವನ್ಸ್ 1959ರಲ್ಲಿ ಇಲಿಗಳಲ್ಲಿ ತೋರಿಸಿದರು. ಆಗತಾನೆ ಹುಟ್ಟಿದ ಇಲಿಮರಿಯ ಥೈಮಸ್, ಅಂದರೆ ಟಿ ಕೋಶಗಳು ಬಲಿಯುವ ಗ್ರಂಥಿ, ತೆಗೆದರೆ ರೋಗನಿರೋಧವೇ ಕುಸಿಯುತ್ತದೆಂದು 1961ರಲ್ಲಿ ಜಾಕ್ ಮಿಲ್ಲರ್ ಕಂಡರು.

ಈ ನಡುವೆ ಕತೆಗೆ ಕಾಳುಗಳು ಬಂದವು. ಕೆಂಪು ರಕ್ತಕಣಗಳನ್ನು ಗಂಟುಕಟ್ಟಿಸಿ ಬೇರ್ಪಡಿಸಲು ಬಳಸುತ್ತಿದ್ದ ಬೀನ್ಸ್ ಬೀಜದ ಸತ್ವವೊಂದು, ಸುಮ್ಮನಿದ್ದ ಲಿಂಫೋಸೈಟ್‌ಗಳನ್ನು ವಿಭಜನೆಗೆ ಹಚ್ಚುತ್ತದೆಂದು 1960ರಲ್ಲಿ ಪೀಟರ್ ನೋವೆಲ್ ಗಮನಿಸಿದರು. ಅದು ಲೆಕ್ಟಿನ್, ಸಕ್ಕರೆಯ ಅಣುವನ್ನು ಹಿಡಿಯುವ ಪ್ರೋಟೀನು. 1976ರಲ್ಲಿ ನಮ್ಮ ಶೇಂಗಾದ ಸರದಿ: ಅದರ ಲೆಕ್ಟಿನ್ ಇಲಿಯ ಥೈಮಸ್‌ನಲ್ಲಿ ಬಲಿಯದ ಕೋಶಗಳಿಗೆ ಅಂಟುತ್ತದೆ, ಬಲಿತವಕ್ಕೆ ಹೆಚ್ಚೇನೂ ಅಂಟುವುದಿಲ್ಲ. ಬಲಿತವುಗಳ ಮೇಲಿನ ಸಕ್ಕರೆಗೆ ಸಿಯಾಲಿಕ್ ಆಮ್ಲದ ಮುಸುಕು ಇರುತ್ತದೆ, ಅಷ್ಟೇ ಕಾರಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಮತ್ತು ಅವಧೇಶ ಸುರೋಲಿಯಾ ಬಳಗ 1994ರಲ್ಲಿ ಶೇಂಗಾ ಲೆಕ್ಟಿನ್‌ನ, 1996ರಲ್ಲಿ ಹಲಸಿನ ಬೀಜದ ಜಾಕಲಿನ್‌ನ ರಚನೆಯನ್ನು ಬಿಡಿಸಿಟ್ಟಿತು. ಜಾಕಲಿನ್ ಪ್ರೋಟೀನು ಮಡಚಿಕೊಂಡ ರೀತಿ ಅಲ್ಲಿಯವರೆಗೆ ಯಾವ ಲೆಕ್ಟಿನ್‌ನಲ್ಲೂ ಕಾಣದ್ದು.

ಆದರೆ ನನ್ನ ತಕರಾರು ಇದು: ಬೀನ್ಸ್ ಸತ್ವ ಹಾಕಿದ ಗಾಜಿನ ತಟ್ಟೆಯಲ್ಲಿ ಕೋಶ ಹೇಗೆ ಬೆಳೆಯುತ್ತದೆಂದು ಕಲಿತೆವು, ಎಲ್ಲಿ ನಿಲ್ಲುತ್ತದೆಂದು ಕಲಿಯಲಿಲ್ಲ. ತಟ್ಟೆಯಲ್ಲಿ ಬಗಲ ಗಂಟು ಇರಲಿಲ್ಲ.

1973ರಲ್ಲಿ ರಾಲ್ಫ್ ಸ್ಟೈನ್‌ಮನ್ ಗುರುತಿಸಿದ ಡೆಂಡ್ರಿಟಿಕ್ ಕೋಶಗಳು ಗಾಯದಿಂದ ಸುಳಿವು ಹೊತ್ತು ಗ್ರಂಥಿಗೆ ಬರುತ್ತವೆ. ಟಿ ಕೋಶಕ್ಕೆ ಆ ಸುಳಿವಿನ ಗುರುತು ಹತ್ತಿದರಷ್ಟೇ ಸಾಲದು, ಅದರ ಮೇಲಿನ ಸಿಡಿ28 ಎಂಬ ಪ್ರೋಟೀನಿನ ಮೂಲಕ ಎರಡನೇ ಸಂಕೇತವೂ ಬೇಕು. 1995ರಲ್ಲಿ ತಡೆಗಳ ಸುಗ್ಗಿ: ಟಿ ಕೋಶಕ್ಕೆ ತಡೆಯೊಡ್ಡುವ ಸಿಟಿಎಲ್‌ಎ-4 ಎಂಬ ಪ್ರೋಟೀನು ಇಲ್ಲದ ಇಲಿಗಳು ಲಿಂಫೋಸೈಟ್‌ಗಳ ಮಿತಿಮೀರಿದ ಬೆಳೆಯಿಂದಲೇ ಮೂರು-ನಾಲ್ಕು ವಾರದಲ್ಲಿ ಸತ್ತವು, ಉಳಿದ ಟಿ ಕೋಶಗಳನ್ನು ಹತೋಟಿಯಲ್ಲಿಡುವ ಬೇರೆ ಬಗೆಯ ಟಿ ಕೋಶಗಳನ್ನು ವಿಜ್ಞಾನಿ ಸಕಾಗುಚಿ ತೋರಿಸಿದರು. 2018 ಮತ್ತು 2025ರ ವೈದ್ಯಕೀಯ ನೊಬೆಲ್‌ಗಳು ಈ ಜಾಡಿನವೇ.

ಎಲ್ಲಕ್ಕಿಂತ ತಡವಾಗಿ ಕಣ್ಣಿಗೆ ಬಿದ್ದದ್ದು ಗ್ರಂಥಿಯ ಚೌಕಟ್ಟು. ಒಳಗೆ ನಾರಿನ ಬಲೆ ಹೆಣೆದು ಕೂತ ಕೋಶಗಳನ್ನು ಬರೀ ಹಂದರವೆಂದು ತಿಳಿದಿದ್ದರು. ಡೆಂಡ್ರಿಟಿಕ್ ಕೋಶ ಬಂದು ಮುಟ್ಟಿದಾಗ ಬಲೆ ಬಿಗಿ ಸಡಿಲಿಸಿ ಗ್ರಂಥಿಗೆ ಹಿಗ್ಗಲು ಜಾಗ ಕೊಡುತ್ತದೆಂದು 2014–15ರ ಇಲಿ ಪ್ರಯೋಗಗಳು ಹೇಳಿದವು. ಅದಕ್ಕೂ ಮೊದಲೇ, 2011ರಲ್ಲಿ, ಇನ್ನೊಂದು ಮುಖ ಕಂಡಿತ್ತು: ಟಿ ಕೋಶಗಳು ಅಬ್ಬರಿಸಿ ಇಂಟರ್‌ಫೆರಾನ್ ಎಂಬ ಸಂಕೇತ ಪ್ರೋಟೀನು ಸುರಿಸಿದಾಗ ಇದೇ ಬಲೆ ನೈಟ್ರಿಕ್ ಆಕ್ಸೈಡ್ ಬಿಟ್ಟು ಅವುಗಳ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಹಿಗ್ಗಲು ಬಿಡುವುದೂ ಅದೇ, ಹಿಡಿಯುವುದೂ ಅದೇ.

ಟಿ ಕೋಶಕ್ಕೆ ಕಡಿವಾಣ ಹಾಕುವ ಈ ತಿಳಿವಳಿಕೆ ಔಷಧಿಯಾದದ್ದೂ ಬೆಂಗಳೂರಿನಲ್ಲಿ ಉಂಟು. ಕ್ಯೂಬಾದ ವಿಜ್ಞಾನಿಗಳೊಡನೆ ಬಯೋಕಾನ್ ಕಂಪನಿ ಬೆಳೆಸಿದ ಇಟೋಲಿಜುಮ್ಯಾಬ್, ಟಿ ಕೋಶದ ಮೇಲಿನ ಸಿಡಿ6 ಎಂಬ ಪ್ರೋಟೀನಿಗೆ ಅಂಟಿ ಅದರ ಉತ್ಸಾಹ ಇಳಿಸುತ್ತದೆ. 2013ರಲ್ಲಿ ಸೋರಿಯಾಸಿಸ್‌ಗೆ ಬಂತು. 2020ರಲ್ಲಿ ಕೋವಿಡ್‌ಗೂ ತುರ್ತು ಒಪ್ಪಿಗೆ ಸಿಕ್ಕಿತು, ಕೇವಲ 30 ರೋಗಿಗಳ ಪರೀಕ್ಷೆಯ ಮೇಲೆ; ಅದು ಅವಸರವಾಯಿತೆಂದೇ ನನ್ನ ಅನಿಸಿಕೆ.

ಮುಳ್ಳಿನ ಗಾಯ ಮಾಗಿದರೆ ಹೆಚ್ಚಿದ ಕೋಶಗಳಲ್ಲಿ ಬಹುಪಾಲು ಸಾಯುತ್ತವೆ, ಗಂಟು ಇಳಿಯುತ್ತದೆ. ವಾರಗಟ್ಟಲೆ ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು, ಕ್ಷಯವೂ ಹೀಗೇ ಕಾಣಿಸಿಕೊಳ್ಳುತ್ತದೆ. ಎಚ್‌ಐವಿ ಸೋಂಕಿನಲ್ಲಂತೂ ಗ್ರಂಥಿಯ ಆ ನಾರಿನ ಬಲೆಯೇ ಗಾಯಗೊಂಡು ಕೊಲಾಜೆನ್‌ನಿಂದ ಗಡುಸಾಗುತ್ತದೆ. ಟಿ ಕೋಶಗಳನ್ನು ಬದುಕಿಸುವ ಐಎಲ್-7 ಎಂಬ ಪ್ರೋಟೀನು ಹೆಚ್ಚಾಗಿ ಆ ಬಲೆಯಿಂದಲೇ ಬರಬೇಕು. ಮಾತ್ರೆ ವೈರಸ್ಸನ್ನು ಪೂರ್ತಿ ಅಡಗಿಸಿದ ಮೇಲೂ ಕೆಲವರಲ್ಲಿ ಟಿ ಕೋಶಗಳ ಎಣಿಕೆ ಮೇಲೇಳದಿರಲು ಇದೂ ಒಂದು ಕಾರಣ.