ಮಟ್ಟ ಬರೆಯದ ಲೆಕ್ಕ: ಮಳೆ, ನದಿ ಮತ್ತು ಗಾಳದ ದಾಖಲೆಗಳ ಕುರಿತು ಬೀದರ್ ನೆಲದಿಂದ ಒಂದು ಆಕ್ಷೇಪ

ಹವ್ಯಾಸಕ್ಕೆ ಗಾಳ ಹಾಕುವವರು ಬರೆದಿಟ್ಟ ಲೆಕ್ಕವನ್ನು ನೋಡಿ ನದಿಯಲ್ಲಿ ಮೀನು ಹೆಚ್ಚಿತೋ ಕಡಿಮೆಯಾಯಿತೋ ಹೇಳಬಹುದೇ? ಹೇಳಬಹುದು ಎಂಬುದು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದ ನಿಲುವು. ಕಾವೇರಿ ದಂಡೆಯ ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಹವ್ಯಾಸಿಗಳು ಹಿಡಿದು ಮತ್ತೆ ನೀರಿಗೆ ಬಿಟ್ಟ ಮಹಶೀರ್ ಮೀನುಗಳ ದಾಖಲೆ ಅದಕ್ಕೆ ಆಧಾರ. 23,620 ಗಂಟೆಗಳ ಗಾಳಕ್ಕೆ 6,161 ಮೀನು, ಅಂದರೆ ಸರಾಸರಿ ನಾಲ್ಕು ಗಂಟೆಗೊಂದು. ವರ್ಷ ಕಳೆದಂತೆ ಗಂಟೆಗೆ ಸಿಗುವ ಮೀನಿನ ಸಂಖ್ಯೆ ಏರಿತು, ಸರಾಸರಿ ತೂಕ ಇಳಿಯಿತು. ಹಿಡಿದು ಬಿಡುವ ಪದ್ಧತಿಯ ರಕ್ಷಣೆಯಿಂದ ಮರಿಗಳು ಹೆಚ್ಚಿದವು ಎಂದು ಲೇಖಕರು ಇದನ್ನು ಓದಿಕೊಂಡರು. ಅದೇ ವರ್ಷದ ಇನ್ನೊಂದು ಲೇಖನದಲ್ಲಿ ಚಿತ್ರ ಕಹಿಯಾಯಿತು. ಹೆಚ್ಚಿದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದೇ ಆದ ಡುಬ್ಬದ ಮಹಶೀರ್ ಅಳಿವಿನ ಅಂಚಿಗೆ ಸರಿದಿತ್ತು. 2018ರಲ್ಲಿ ಈ ಮೀನನ್ನು ಟಾರ್ ರೆಮಾದೇವಿ ಎಂದು ಗುರುತಿಸಲಾಯಿತು. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯನ್ನೂ ಸೇರಿತು.

ಈ ಅಧ್ಯಯನಗಳು ಮಾಡಿದ ಉಪಕಾರ ದೊಡ್ಡದು. ಹವ್ಯಾಸಿಗಳ ನೋಟ್‌ಬುಕ್ಕಿಗೆ ವಿಜ್ಞಾನದಲ್ಲಿ ಜಾಗ ಸಿಕ್ಕಿದ್ದು ಅವುಗಳಿಂದ. ನನ್ನ ತಕರಾರು ಒಂದೇ ಒಂದು ಕಾಲಂ ಬಗ್ಗೆ. ಗಂಟೆ, ಮೀನಿನ ಸಂಖ್ಯೆ ಮತ್ತು ತೂಕ ಅಲ್ಲಿ ಲೆಕ್ಕದ ಕೇಂದ್ರದಲ್ಲಿವೆ. ನೀರಿನ ಮಟ್ಟ ಇಲ್ಲ. ಇದು ಸಣ್ಣ ಕೊರತೆಯಲ್ಲ ಎಂಬುದನ್ನು ಕಾವೇರಿಯಿಂದ ದೂರದ, ಮಹಶೀರ್ ಶಿಬಿರಗಳ ಹೆಸರೇ ಕೇಳದ ಬೀದರ್ ಜಿಲ್ಲೆಯ ನೀರನ್ನು ಮುಂದಿಟ್ಟುಕೊಂಡು ತೋರಿಸಬಹುದು ಎಂಬುದು ಈ ಲೇಖನದ ವಾದ.

ಹಿಂದಿನವರು ಹೇಳಿದ್ದನ್ನು ಬೇಗ ನೋಡಿ ಮುಂದೆ ಹೋಗೋಣ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಭಾರತದ ಗಾಳ ವಿದ್ಯೆಯ ಮೇಲೆ ಬರೆದ ಪುಸ್ತಕ ಬಹುಕಾಲ ಈ ಹವ್ಯಾಸದ ಕೈಪಿಡಿಯಾಗಿತ್ತು. ಮುಂಗಾರಿನ ನೆರೆಯಲ್ಲಿ ಮಹಶೀರ್ ಮೇಲಿನ ಹಳ್ಳಗಳಿಗೆ ಏರುತ್ತದೆ, ನೀರು ಇಳಿದು ತಿಳಿಯಾಗುವಾಗ ಕೆಳಗಿನ ಮಡುಗಳಿಗೆ ಮರಳುತ್ತದೆ, ಗಾಳದವನು ಆ ಹೊತ್ತಿಗೆ ಕಾದಿರಬೇಕು ಎಂಬುದು ಅವನ ತಿಳಿವಳಿಕೆಯ ಸಾರ. ನೂರು ವರ್ಷ ಕಳೆದ ಮೇಲೆ, 1989ರಲ್ಲಿ, ಜುಂಕ್, ಬೇಲಿ ಮತ್ತು ಸ್ಪಾರ್ಕ್ಸ್ ನೆರೆಯ ಬಡಿತದ ಸಿದ್ಧಾಂತವನ್ನು ಮಂಡಿಸಿದರು. ವರ್ಷಕ್ಕೊಮ್ಮೆ ನೀರು ದಂಡೆ ಮೀರಿ ಹರಡಿ ಮತ್ತೆ ಹಿಂದೆಗೆಯುವುದೇ ಉಷ್ಣವಲಯದ ದೊಡ್ಡ ನದಿಗಳ ಜೀವನಾಡಿ ಎಂದರು. ಅಮೆಜಾನ್‌ನ ಗಾಳ ಪ್ರವಾಸಗಳು ಇಂದಿಗೂ ಈ ಬಡಿತದ ಮೇಲೆಯೇ ನಡೆಯುತ್ತವೆ. ನೀರು ಕಾಡಿನೊಳಗೆ ನುಗ್ಗಿದಾಗ ಪೀಕಾಕ್ ಬಾಸ್ ಮೀನು ಮರಗಳ ನಡುವೆ ಚದುರುತ್ತದೆ. ನೀರು ಇಳಿದಾಗ ಕಾಲುವೆ ಮತ್ತು ಸರೋವರಗಳಲ್ಲಿ ಒಟ್ಟಾಗುತ್ತದೆ. ಮನೌಸ್ ಬಂದರಿನಲ್ಲಿ 1902ರಿಂದ ನದಿಯ ಮಟ್ಟ ದಾಖಲಾಗುತ್ತಿದೆ. ಅಲ್ಲಿ ವರ್ಷದ ಏರಿಳಿತ ಸುಮಾರು 10 ಮೀಟರ್, ಆದರೆ ಆ ಏರಿಳಿತಕ್ಕೆ ತಿಂಗಳುಗಳು ಬೇಕು. ಪ್ರವಾಸ ಹೊರಡುವವನು ಮಟ್ಟದ ಅಂಕಿ ನೋಡಿ ವಾರಗಳ ಮೊದಲೇ ಅಂದಾಜು ಮಾಡಬಹುದು.

ಥಾಮಸ್‌ನ ಘಟ್ಟದ ಹೊಳೆಯಾಗಲಿ, ಅಮೆಜಾನ್ ಆಗಲಿ, ಎರಡರಲ್ಲೂ ಮಳೆ ಮತ್ತು ಮಟ್ಟದ ಸಂಬಂಧ ನೇರ. ದಖ್ಖನ್ನಿನ ಮಾಂಜ್ರಾ ಕೊಳ್ಳದಲ್ಲಿ ಅದು ಹಾಗಿಲ್ಲ. ಬೀದರ್ ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸುಮಾರು 850 ಮಿ.ಮೀ. ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ಒಂದೇ ಮಳೆ ಬೀದರ್, ಭಾಲ್ಕಿ ಮತ್ತು ಔರಾದ್‌ನಲ್ಲಿ ಮೂರು ಬಗೆಯಾಗಿ ನೀರಾಗುತ್ತದೆ.

ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ತೂತುತೂತಾದ ಈ ಕಲ್ಲು ಮಳೆಯನ್ನು ಕುಡಿದು, ಅಡಿಯ ಗಟ್ಟಿ ಪದರ ಸಿಕ್ಕಲ್ಲಿ ಝರಿಯಾಗಿ ಹೊರಬಿಡುತ್ತದೆ. ನೆಲದಡಿಯ ನೀರಿನ ಸುರಂಗವಾದ ಬಹಮನಿ ಕಾಲದ ನೌಬಾದ್ ಕರೇಜ್, ಝರಣಿ ನರಸಿಂಹ ಗುಹೆಯೊಳಗೆ ಭಕ್ತರು ಎದೆಮಟ್ಟ ನೀರಿನಲ್ಲಿ ನಡೆಯುವ ದಾರಿ, ಪಾಪನಾಶದ ಕಣಿವೆಯ ನೀರು, ಇವೆಲ್ಲ ಇದೇ ಕಲ್ಲಿನ ಕೊಡುಗೆ. ಇಲ್ಲಿ ಮಳೆಯ ಫಲ ತಡವಾಗಿ, ಆದರೆ ಒಂದೇ ಸಮನಾಗಿ ಕಾಣಿಸುತ್ತದೆ, ನೀರು ಹೆಚ್ಚು ರಾಡಿಯಾಗುವುದಿಲ್ಲ. ನಿನ್ನೆಯ ಮಳೆ ಇಂದಿನ ನೀರಿನ ಬಗ್ಗೆ ಅಷ್ಟಾಗಿ ಏನೂ ಹೇಳುವುದಿಲ್ಲ.

ಔರಾದ್ ಇದಕ್ಕೆ ತದ್ವಿರುದ್ಧ. ಅದು ಕರಿಕಲ್ಲಿನ ಮೇಲಿನ ಎರೆಭೂಮಿ. ಬೇಸಗೆಯಲ್ಲಿ ಬಾಯ್ಬಿಟ್ಟ ಬಿರುಕುಗಳು ಜೂನ್‌ನ ಮೊದಲ ಮಳೆಗಳನ್ನು ನುಂಗಿಬಿಡುತ್ತವೆ, ಹಳ್ಳಕ್ಕೆ ಹನಿ ಇಳಿಯುವುದಿಲ್ಲ. ಮಣ್ಣು ತಣಿದು ಬಿರುಕು ಮುಚ್ಚಿದ ಮೇಲೆ ಬೀಳುವ ಅಷ್ಟೇ ಮಳೆ ಕೆಲವೇ ಗಂಟೆಗಳಲ್ಲಿ ಹಳ್ಳ ತುಂಬಿಸಿ ದಂಡೆ ಕೊಚ್ಚುತ್ತದೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ತೆಲಂಗಾಣ ದಾಟಿ ಬರುವ ಸೆಪ್ಟೆಂಬರ್‌ನಲ್ಲಿ ಇದು ಹೆಚ್ಚು. ಗಾಳದವನಿಗೆ ಇನ್ನೂ ಮುಖ್ಯವಾದದ್ದು ಎರೆಮಣ್ಣಿನ ನುಣ್ಣನೆಯ ಕಣ. ಅದು ನೀರಿನಲ್ಲಿ ಬಹಳ ದಿನ ತೇಲುತ್ತದೆ. ಮಟ್ಟ ಇಳಿದ ಮಾತ್ರಕ್ಕೆ ರಾಡಿ ಇಳಿಯುವುದಿಲ್ಲ. ಕಣ್ಣಿನಿಂದ ಬೇಟೆಯಾಡುವ ಕೊರವ ಇಂಥ ನೀರಿನಲ್ಲಿ ಎರೆ ಕಾಣದೆ ಹೋಗುತ್ತದೆ. ಮೀಸೆಯಿಂದಲೂ ವಾಸನೆಯಿಂದಲೂ ಆಹಾರ ಹುಡುಕುವ ಬಾಳೆ ಮೀನಿಗೆ ಇದು ಅಷ್ಟು ಅಡ್ಡಿಯಲ್ಲ. ಥಾಮಸ್ ಹೇಳಿದ ‘ಇಳಿದ ನೀರು’ ಮತ್ತು ‘ತಿಳಿ ನೀರು’ ಘಟ್ಟದಲ್ಲಿ ಹೆಚ್ಚುಕಡಿಮೆ ಒಟ್ಟಿಗೆ ಬರುತ್ತವೆ. ಔರಾದ್‌ನಲ್ಲಿ ಅವೆರಡರ ನಡುವೆ ಅಂತರ ಬೀಳುತ್ತದೆ.

ಇನ್ನು ಔರಾದ್ ಮತ್ತು ಭಾಲ್ಕಿ ತಾಲ್ಲೂಕುಗಳಲ್ಲಿ ಹಾದು ಹೋಗುವ ಮಾಂಜ್ರಾ ನದಿಯ ನೀರು ಸ್ಥಳೀಯ ಮಳೆಯ ಮಾತನ್ನೇ ಕೇಳುವುದಿಲ್ಲ. ಅದು ಹುಟ್ಟುವುದು ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಗಳಲ್ಲಿ. ಧನೆಗಾಂವ್ ಅಣೆಕಟ್ಟು, ಲಾತೂರ್ ಜಿಲ್ಲೆಯ ಬ್ಯಾರೇಜುಗಳನ್ನು ದಾಟಿ ಉಳಿದದ್ದು ನಮಗೆ ಬರುತ್ತದೆ. 2016ರ ಏಪ್ರಿಲ್‌ನಲ್ಲಿ ಧನೆಗಾಂವ್ ಜಲಾಶಯ ಬತ್ತಿ ಲಾತೂರ್ ನಗರಕ್ಕೆ ಮಿರಜ್‌ನಿಂದ ರೈಲಿನಲ್ಲಿ ನೀರು ಸಾಗಿಸಬೇಕಾಯಿತು. ಅಂಥ ವರ್ಷ ಕೆಳಗಿನ ನದಿ ಏನಾಗಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ವರ್ಷ ಮೇಲಿನ ಗೇಟ್ ತೆರೆದರೆ ಔರಾದ್‌ನಲ್ಲಿ ಬಿಸಿಲಿದ್ದಾಗಲೇ ದಂಡೆಯ ಹೊಲಗಳಿಗೆ ನೀರು ನುಗ್ಗುತ್ತದೆ.

ಮೂರನೆಯದು ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿಯ ಕಾರಂಜಾ ಜಲಾಶಯ. ಇದು ಮಾಂಜ್ರಾದ ಉಪನದಿಗೆ ಕಟ್ಟಿದ್ದು, ಸಾಮರ್ಥ್ಯ ಸುಮಾರು 7.69 ಟಿಎಂಸಿ ಅಡಿ. ಅಗಲ ಹೆಚ್ಚು, ಆಳ ಕಡಿಮೆ ಇರುವ ಬಯಲುಸೀಮೆಯ ಜಲಾಶಯ. ಮಟ್ಟ ಒಂದು ಮೀಟರ್ ಇಳಿದರೂ ಹಿನ್ನೀರಿನ ಅಂಚು ಬಹಳ ದೂರ ಹಿಂದೆ ಸರಿಯುತ್ತದೆ. ನನ್ನ ವಾದಕ್ಕೆ ಬೇಕಾದ ಸಾಕ್ಷ್ಯ ಇಲ್ಲಿದೆ.

ಇಲ್ಲಿನ ಮುಖ್ಯ ಮೀನುಗಳಾದ ಕಾಟ್ಲಾ, ರೋಹು ಮತ್ತು ಮೃಗಾಲ್ ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಅವಕ್ಕೆ ನೆರೆಯ ಹರಿವು ಬೇಕು. ಆದ್ದರಿಂದ ಜಲಾಶಯದ ಸಂಖ್ಯೆ ಬಹುಪಾಲು ಮೀನುಮರಿ ಬಿತ್ತನೆಯಿಂದ ಬರುತ್ತದೆ. ಬಿತ್ತನೆಯಾದ ಮೇಲೆ ಬೇಸಗೆಯವರೆಗೆ ಆ ಸಂಖ್ಯೆ ಇಳಿಯಬಹುದೇ ಹೊರತು ಏರಲಾರದು. ಈಗ ನೀರಿನ ಹರವು ಅರ್ಧವಾಯಿತು ಎನ್ನಿ. ಮೀನು ಅಷ್ಟೇ ಇದ್ದರೂ ಒಂದು ಎಕರೆಗೆ ಸಿಗುವ ಮೀನು ಇಮ್ಮಡಿಯಾಯಿತು. ದಂಡೆಯಲ್ಲಿ ಕೂತವನ ಗಂಟೆಯ ಲೆಕ್ಕವೂ ಏರುತ್ತದೆ. ಮಾರ್ಚ್‌ನ ನೋಟ್‌ಬುಕ್ ನೋಡಿದವನು ಮೀನು ಹೆಚ್ಚಿದೆ ಎಂದಾನು. ಬಲೆಗೆ ಬಿದ್ದೂ ಸತ್ತೂ ಅದು ಕಡಿಮೆಯಾಗಿರುತ್ತದೆ. ನೀರು ಇನ್ನೂ ಇಳಿದು, ಬಿಸಿಲು 40 ಡಿಗ್ರಿ ದಾಟಿ, ಆಳವಿಲ್ಲದ ನೀರಿನಲ್ಲಿ ಆಮ್ಲಜನಕ ಕುಗ್ಗಿದಾಗ ಮೀನು ತಿನ್ನುವುದನ್ನೇ ಬಿಡುತ್ತದೆ. ಆಗ ಲೆಕ್ಕ ಒಮ್ಮೆಲೇ ಬೀಳುತ್ತದೆ. ಆ ಕುಸಿತವೂ ಸಂಖ್ಯೆಯ ಕುಸಿತವಲ್ಲ.

ಮಟ್ಟದ ಅಂಕಿಯೊಂದನ್ನೇ ಬರೆದರೂ ಸಾಲದು. ಸೆಪ್ಟೆಂಬರ್‌ನಲ್ಲಿ ಏರುತ್ತಿರುವ ನೀರು ಒಂದು ಗುರುತು ಮುಟ್ಟುತ್ತದೆ. ಜನವರಿಯಲ್ಲಿ ಇಳಿಯುತ್ತಿರುವ ನೀರು ಅದೇ ಗುರುತಿಗೆ ಬರುತ್ತದೆ. ಅಂಕಿ ಒಂದೇ ಆದರೂ ಅವು ಎರಡು ಬೇರೆ ಬೇರೆ ನೀರು. ಏರುನೀರು ಹೊಸದಾಗಿ ಹುಲ್ಲು, ಎರೆಹುಳು, ಕೀಟಗಳಿರುವ ನೆಲವನ್ನು ಮುಳುಗಿಸುತ್ತದೆ, ಮೀನು ಮೇಯಲು ಅಂಚಿಗೆ ಬರುತ್ತದೆ. ಇಳಿನೀರಿನ ಅಂಚು ಬರಿಯ ಕೆಸರು. ಮೀನು ಆಳ ಹುಡುಕಿ ಒಳಗೆ ಸರಿಯುತ್ತದೆ. ಹಾಗಾಗಿ ದಾಖಲೆಗೆ ಬೇಕಾದದ್ದು ಮಟ್ಟ, ಅದು ಹೋಗುತ್ತಿರುವ ದಿಕ್ಕು ಮತ್ತು ವೇಗ, ಜೊತೆಗೆ ರಾಡಿ. ಊರಿನ ಮಳೆ ಪ್ರಮಾಣ ಇವುಗಳಿಗೆ ಬದಲಿಯಲ್ಲ.

ಇದನ್ನು ಹಿಡಿದು ಗಾಳಿಬೋರೆಗೆ ಹೋಗೋಣ. ಅಲ್ಲಿನ ಶಿಬಿರದ ಋತು ಮಳೆಗಾಲ ಮುಗಿದು ನೀರು ತಗ್ಗಿದ ಮೇಲಿನದಾಗಿತ್ತು. ಎಲ್ಲ ವರ್ಷವೂ ಒಂದೇ ಕಾಲ, ಆದ್ದರಿಂದ ಹೋಲಿಕೆ ಸರಿ ಎಂಬ ಸಮಾಧಾನ ಇದರಲ್ಲಿದೆ. ಈ ಸಮಾಧಾನವನ್ನು ನಾನು ಒಪ್ಪಲಾರೆ. ಕಾಲ ಒಂದೇ ಆದರೂ ನೀರು ಒಂದೇ ಅಲ್ಲ. ಮೇಲೆ ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳಿವೆ. ನಡುವೆ 1902ರಿಂದ ನಡೆಯುತ್ತಿರುವ ಶಿವನಸಮುದ್ರದ ವಿದ್ಯುತ್ ಕೇಂದ್ರವಿದೆ. ಅದರ ಉತ್ಪಾದನೆಗೆ ತಕ್ಕಂತೆ ಒಂದೇ ದಿನದಲ್ಲಿ ನೀರು ಏರಿಳಿಯಬಹುದು. ಕೆಳಗಿನ ತಮಿಳುನಾಡಿನ ಪಾಲು ಎಷ್ಟು ಹರಿಯಬೇಕೆಂಬುದು ಆ ವರ್ಷಗಳಲ್ಲಿ ನ್ಯಾಯಮಂಡಳಿಯ ವಿಷಯವಾಗಿತ್ತು. ಇದರ ಮೇಲೆ, ದಾಖಲೆಯ ಹದಿನೈದು ವರ್ಷಗಳೊಳಗೆ 2001ರಿಂದ 2003ರವರೆಗಿನ ಬರವೂ ಇದೆ, 2005ರಿಂದ 2007ರವರೆಗಿನ ತುಂಬು ಮಳೆಯೂ ಇದೆ.

ನನ್ನ ಅತಿ ದಿಟ್ಟ ಮಾತು ಇಲ್ಲಿಯದು, ಆದ್ದರಿಂದ ಎಚ್ಚರದಿಂದ ಹೇಳುತ್ತೇನೆ. ಕಾರಂಜಾದ ತರ್ಕ ಕಾವೇರಿಗೂ ಅನ್ವಯಿಸುವುದಾದರೆ, ಬರದ ವರ್ಷಗಳಲ್ಲಿ ಮೀನು ಮಡುಗಳಲ್ಲಿ ಒಟ್ಟಾಗಿ ಗಂಟೆಯ ಲೆಕ್ಕ ಇದ್ದುದಕ್ಕಿಂತ ಹೆಚ್ಚಾಗಿಯೂ, ತುಂಬು ವರ್ಷಗಳಲ್ಲಿ ಚದುರಿ ಕಡಿಮೆಯಾಗಿಯೂ ಕಾಣಬೇಕು. ದಾಖಲೆಯಲ್ಲಿ ಕಾಣುವುದಾದರೋ ಕಾಲ ಕಳೆದಂತೆ ಏರಿಕೆ. ಹಾಗಿದ್ದರೆ ನೀಲಿ ರೆಕ್ಕೆಯ ಮಹಶೀರ್‌ನ ನಿಜವಾದ ಹೆಚ್ಚಳ ದಾಖಲೆ ತೋರಿಸಿದ್ದಕ್ಕಿಂತ ಇನ್ನೂ ತೀವ್ರವಾಗಿದ್ದಿರಬಹುದು. ಎಂದರೆ ನನ್ನ ಆಕ್ಷೇಪ ಪಿಂಡರ್ ಮತ್ತು ಸಂಗಡಿಗರ ತೀರ್ಮಾನವನ್ನು ಉರುಳಿಸುವುದಿಲ್ಲ. ಒಂದರ್ಥದಲ್ಲಿ ಅದಕ್ಕೆ ಬಲವನ್ನೇ ಕೊಡುತ್ತದೆ. ಅಲುಗಾಡುವುದು ಆ ತೀರ್ಮಾನಕ್ಕೆ ಹೋದ ದಾರಿ.

ಇದಕ್ಕೆ ಮಿತಿಗಳಿವೆ. ಕಾವೇರಿ ಹರಿಯುವ ನದಿ, ಕಾರಂಜಾ ನಿಂತ ನೀರು. ನದಿಯಲ್ಲಿ ಹರಿವು ಕುಗ್ಗಿದಾಗ ಮೀನು ಒಟ್ಟಾಗುವ ಬದಲು ಬೇರೆ ಮಡುವಿಗೆ ಹೋಗಿರಲೂಬಹುದು. ಬರದ ವರ್ಷ ಬೇಸಗೆಯಲ್ಲಿ ಕೆಳಕ್ಕೆ ಬಿಟ್ಟ ನೀರು ಸಾಧಾರಣ ವರ್ಷಕ್ಕಿಂತ ಕಡಿಮೆಯೇ ಇತ್ತು ಎಂಬುದು ನನ್ನ ಊಹೆ. ಅಣೆಕಟ್ಟುಗಳ ದೈನಂದಿನ ಹೊರಹರಿವನ್ನು ಗಾಳದ ದಿನಾಂಕಗಳ ಪಕ್ಕ ಇಟ್ಟು ನೋಡಿದರೆ ಮಾತ್ರ ಅದು ಗಟ್ಟಿಯಾದೀತು ಅಥವಾ ಬಿದ್ದೀತು. ಎಲ್ಲಕ್ಕಿಂತ ದೊಡ್ಡ ಮಿತಿ, ಡುಬ್ಬದ ಮಹಶೀರ್‌ನ ಕುಸಿತವನ್ನು ನೀರಿನ ಮಟ್ಟದಿಂದ ವಿವರಿಸಲು ಬರುವುದಿಲ್ಲ. ಒಂದೇ ಮಡು, ಒಂದೇ ದಿನ, ಒಂದೇ ರಾಗಿ ಮುದ್ದೆಯ ಎರೆ. ಒಂದು ಜಾತಿ ಏರಿ ಇನ್ನೊಂದು ಇಳಿದರೆ ಅದರ ಕಾರಣ ನೀರಿನ ಮಟ್ಟದಲ್ಲಿಲ್ಲ. ಜಾತಿ ಜಾತಿಗಳ ಅನುಪಾತದ ಮಟ್ಟಿಗೆ ಗಾಳದ ದಾಖಲೆ ನಂಬಲರ್ಹ. ಒಟ್ಟು ಸಂಖ್ಯೆಯ ಮಟ್ಟಿಗೆ, ನೀರಿನ ಮಟ್ಟ ಬರೆಯದ ದಾಖಲೆಯನ್ನು ಸಾಕ್ಷ್ಯವೆಂದು ಒಪ್ಪಬಾರದು ಎಂಬ ನನ್ನ ನಿಲುವು ಉಳಿಯುತ್ತದೆ.

ಗಾಳಿಬೋರೆಯಲ್ಲಿ ಇದನ್ನು ಹೊಸದಾಗಿ ಪರೀಕ್ಷಿಸುವುದು ಕಷ್ಟ. ಅದು ಕಾವೇರಿ ವನ್ಯಜೀವಿ ಧಾಮದ ಪ್ರದೇಶ, ಅಲ್ಲಿ ಗಾಳ ನಿಂತುಹೋದದ್ದರಿಂದಲೇ ದಾಖಲೆ 2012ಕ್ಕೆ ಮುಗಿಯುತ್ತದೆ. ಕಾರಂಜಾದಲ್ಲಿ ಮಾತ್ರ ಪರೀಕ್ಷೆಗೆ ಬೇಕಾದದ್ದೆಲ್ಲ ಕೈಗೆಟುಕುವಂತಿದೆ. ಜಲಾಶಯದ ಮಟ್ಟ, ಒಳಹರಿವು ಮತ್ತು ಹೊರಹರಿವಿನ ಲೆಕ್ಕ ನೀರಾವರಿ ಇಲಾಖೆಯದು. ಮೀನುಮರಿ ಬಿತ್ತನೆಯ ಲೆಕ್ಕ ಮೀನುಗಾರಿಕೆ ಇಲಾಖೆಯದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಬಿತ್ತನೆಯ ಸಂಖ್ಯೆ ಮೊದಲೇ ತಿಳಿದಿರುವ ನೀರಿನಲ್ಲಿ ಗಾಳದ ಲೆಕ್ಕ ಎಷ್ಟು ದಾರಿ ತಪ್ಪಿಸುತ್ತದೆ ಎಂದು ಅಳೆಯುವ ಅವಕಾಶ ಕಾವೇರಿಯಲ್ಲಿ ಎಂದೂ ಇರಲಿಲ್ಲ. ರಾಡಿ ಎಷ್ಟು ದಿನ ನಿಲ್ಲುತ್ತದೆ, ಏರುನೀರಿನ ಲಾಭ ಯಾವ ಜಾತಿಗೆ ಹೆಚ್ಚು, ಬೇಸಗೆಯ ಬಿಸಿನೀರಿನಲ್ಲಿ ಹಿಡಿದು ಬಿಟ್ಟ ಮೀನಿನಲ್ಲಿ ಎಷ್ಟು ಬದುಕುತ್ತವೆ ಎಂಬ ಪ್ರಶ್ನೆಗಳು ಇನ್ನೂ ತೆರೆದಿವೆ.

ಪಶು ವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ರಾಜ್ಯ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನ ಬೀದರ್‌ನ ನಂದಿನಗರದಲ್ಲೇ ಇದೆ. ಕಾರಂಜಾ ಹಿನ್ನೀರಿನಲ್ಲಿ ಗಾಳ ಹಾಕುವವರ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಗಂಟೆ, ಜಾತಿ ಮತ್ತು ತೂಕದ ಪಕ್ಕದಲ್ಲಿ ಆ ದಿನದ ಮಟ್ಟ, ಅದರ ದಿಕ್ಕು ಮತ್ತು ರಾಡಿಗೆ ಮೂರು ಕಾಲಂ ಎಳೆದು, ಎರಡು ಮಳೆಗಾಲ ಬರೆಸುವ ಕೆಲಸವನ್ನು ಅದರ ಸಂಶೋಧಕರು ಕೈಗೆತ್ತಿಕೊಳ್ಳಲಿ.