ಕಾವಸ್ಜಿಯ ಮೂಗು

ಶಸ್ತ್ರಚಿಕಿತ್ಸೆಗೆ ಒಂದು ಜರ್ನಲ್ ಏಕೆ ಬೇಕು? ವೈದ್ಯನಲ್ಲದ ನನಗೆ ಇದಕ್ಕೆ ಉತ್ತರ ಸಿಕ್ಕಿದ್ದು ವೈದ್ಯಕೀಯ ಪತ್ರಿಕೆಯೇ ಅಲ್ಲದ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಝೀನ್‌'ನಲ್ಲಿ. ಕವನ, ನಿಧನ ವಾರ್ತೆ, ಹಳೆಯ ಕಟ್ಟಡಗಳ ವಿಚಾರ ಎಲ್ಲವನ್ನೂ ಅಚ್ಚುಹಾಕುತ್ತಿದ್ದ ಮಾಸಪತ್ರಿಕೆ ಅದು. 1794ರ ಅಕ್ಟೋಬರ್ ಸಂಚಿಕೆಯಲ್ಲಿ 'ಬಿ.ಎಲ್.' ಎಂದಷ್ಟೇ ಸಹಿ ಇರುವ ಒಂದು ಪತ್ರವಿದೆ.

ಕಾವಸ್ಜಿ ಇಂಗ್ಲಿಷರ ಸೇನೆಯಲ್ಲಿ ಎತ್ತಿನಗಾಡಿ ಹೊಡೆಯುತ್ತಿದ್ದವನು. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಮತ್ತು ಒಂದು ಕೈ ಕಳೆದುಕೊಂಡ. ಸುಮಾರು ಒಂದು ವರ್ಷದ ಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಇದನ್ನು ಕಂಪನಿಯ ಇಬ್ಬರು ವೈದ್ಯರು ನೋಡಿದ್ದರು.

ಪತ್ರದ ಸೊಗಸಿರುವುದು ವಿಧಾನದ ವಿವರಣೆಯಲ್ಲಿ. ತೆಳ್ಳಗಿನ ಮೇಣವನ್ನು ಮೂಗಿನ ಮೋಟಿಗೆ ಕೂರಿಸಿ ಮೂಗಿನ ಆಕಾರ ಕೊಡಬೇಕು. ಅದನ್ನು ತೆಗೆದು ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ, ಸುತ್ತ ಗೆರೆ ಎಳೆಯಬೇಕು. ಗೆರೆಯೊಳಗಿನ ಚರ್ಮ ಬಿಡಿಸುವಾಗ ಹುಬ್ಬುಗಳ ನಡುವೆ ಸಣ್ಣ ಪಟ್ಟಿಯೊಂದನ್ನು ಮಾತ್ರ ಕಡಿಯದೆ ಉಳಿಸಬೇಕು. ರಕ್ತ ಹರಿಯುವುದು ಅದರಲ್ಲೇ. ಚರ್ಮವನ್ನು ಕೆಳಕ್ಕೆ ತಿರುಚಿ, ಹೊಸದಾಗಿ ಕೊಯ್ದು ಹಸಿಮಾಡಿದ ಅಂಚಿಗೆ ಸೇರಿಸಬೇಕು. ಹೊಲಿಗೆ ಇಲ್ಲ; ನಾವು ಎಲೆಯಡಿಕೆಗೆ ಹಾಕುವ ಕಾಚನ್ನೇ ನೀರಲ್ಲಿ ನೆನೆಸಿ ಬಟ್ಟೆಪಟ್ಟಿಗಳಿಗೆ ಸವರಿ, ಐದಾರು ಪದರ ಅಂಟಿಸುವುದು. ನಾಲ್ಕು ದಿನ ಕಳೆದ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25ನೆಯ ದಿನ ಆ ಪಟ್ಟಿಯನ್ನು ಕತ್ತರಿಸುವುದು. ನನ್ನ ಸಾಫ್ಟ್‌ವೇರ್ ಕೆಲಸದಲ್ಲಿ ಇಷ್ಟು ಸ್ಪಷ್ಟವಾದ ಹ್ಯಾಂಡೋವರ್ ಡಾಕ್ಯುಮೆಂಟ್ ಕೈಗೆ ಬಂದದ್ದು ಅಪರೂಪ!

ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಈ ವಿಧಾನವನ್ನು ಮೊದಲು ಶವಗಳ ಮೇಲೆ ಅಭ್ಯಾಸ ಮಾಡಿದ. 1814ರಲ್ಲಿ ಮೂಗು ಕಳೆದುಕೊಂಡ ಸೇನಾಧಿಕಾರಿಯೊಬ್ಬನ ಮೇಲೆ ಪ್ರಯೋಗಿಸಿದ. ಬಳಿಕ ಇನ್ನೊಬ್ಬನ ಮೇಲೆ. 1816ರಲ್ಲಿ ಎರಡನ್ನೂ ಪುಸ್ತಕವಾಗಿ ಪ್ರಕಟಿಸಿದ. ಪುಣೆಯ ಒಂದು ಕೈಚಳಕ ಕಾಗದದ ಮೂಲಕವೇ ಇನ್ನೊಂದು ಕೈಗೆ ದಾಟಿತ್ತು, ಇಪ್ಪತ್ತು ವರ್ಷ ತಡವಾಗಿ.

ಇಂದಿನ ಜರ್ನಲ್ಲಿಗೆ ಬಿ.ಎಲ್. ಪತ್ರ ಬಂದಿದ್ದರೆ ಸಂಪಾದಕರು ಅದನ್ನು ಅದೇ ಕ್ಷೇತ್ರದ ಇಬ್ಬರು ಮೂವರಿಗೆ ಕಳಿಸುತ್ತಿದ್ದರು. ಎಷ್ಟು ರೋಗಿಗಳು? ಎಷ್ಟು ಮೂಗು ಕೊಳೆತವು? ವರ್ಷದ ನಂತರ ಹೇಗಿದೆ? ಉತ್ತರವಿಲ್ಲದಿದ್ದರೆ ಪತ್ರ ವಾಪಸ್. ಈ ಪದ್ಧತಿ ನಾವು ಅಂದುಕೊಂಡಷ್ಟು ಹಳೆಯದೇನಲ್ಲ. ಶಸ್ತ್ರಚಿಕಿತ್ಸೆಗೇ ಮೀಸಲಾದ 'ಆನಲ್ಸ್ ಆಫ್ ಸರ್ಜರಿ' ಶುರುವಾದದ್ದು 1885ರಲ್ಲಿ. 1823ರಲ್ಲಿ ಹುಟ್ಟಿದ 'ಲ್ಯಾನ್ಸೆಟ್' ಹೊರಗಿನ ತಜ್ಞರ ಪರಿಶೀಲನೆಯನ್ನು ಪದ್ಧತಿಯಾಗಿಸಿಕೊಂಡದ್ದು 1976ರಲ್ಲಿ. ಅದಕ್ಕೂ ಒಂದು ಮಿತಿಯಿದೆ. ಪರಿಶೀಲಕರು ನೋಡುವುದು ಬರಹವನ್ನು, ಗಾಯವನ್ನಲ್ಲ. ಕಾರ್ಪ್ಯೂ ಮಾಡಿದಂತೆ ಮತ್ತೊಬ್ಬರು ಮಾಡಿ ನೋಡುವುದು ಅದಕ್ಕಿಂತ ಗಟ್ಟಿ ಪರೀಕ್ಷೆ ಎಂದೇ ನನ್ನ ಅನಿಸಿಕೆ.

ಈಗಿನ ಲೇಖನಗಳಲ್ಲಿ ಶಸ್ತ್ರವೈದ್ಯರ ಹೆಸರು ಮೊದಲಿಗೇ ಬರುತ್ತದೆ, ರೋಗಿಯ ಹೆಸರು ಗೋಪ್ಯ. 1794ರಲ್ಲಿ ಇದು ತಿರುಗುಮುರುಗಾಗಿತ್ತು. ಕಾವಸ್ಜಿಯ ಹೆಸರಿದೆ, ನೋಡಿದ ವೈದ್ಯರ ಹೆಸರಿದೆ, ಅವನ ಭಾವಚಿತ್ರ ಬರೆದವನು ಜೇಮ್ಸ್ ವೇಲ್ಸ್ ಎಂದೂ ಗೊತ್ತು. ಹಣೆಯ ಮೇಲೆ ಗೆರೆ ಎಳೆದವನು ಮಾತ್ರ ಇಟ್ಟಿಗೆ ಮಾಡುವ ಜಾತಿಯ ಒಬ್ಬ, ಅಷ್ಟೆ.